ಮೂಳೆಗೆ ಕೇಳಿದ ಸದ್ದು

ಐವತ್ತೇಳನೇ ಇಸವಿಯ ಫ್ಲೂ ಜ್ವರ ನಮ್ಮವ್ವನ ಕಿವಿ ಕೆಡಿಸಿತು, ತೊಟ್ಟಿಲಲ್ಲಿದ್ದ ತಮ್ಮನನ್ನು ಕೊಂಡೊಯ್ದಿತು. ತನ್ನ ಜ್ವರ ಅವನಿಗೆ ತಗುಲದಿರಲೆಂದು ಅವ್ವ ತೊಟ್ಟಿಲನ್ನು ದೂರ ಕಟ್ಟಿಸಿದ್ದಳು. ನಾವೆಲ್ಲ ಜ್ವರದಲ್ಲಿ ಎಚ್ಚರವಿಲ್ಲದೆ ಬಿದ್ದಿದ್ದೆವು. ಅವನು ಅತ್ತದ್ದು ಅವಳಿಗೆ ಕೇಳಿಸಲೇ ಇಲ್ಲ.

ಆಮೇಲೆ ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರು ಎರಡು ಕವಲಿನ ಕಬ್ಬಿಣದ ಕವೆಯೊಂದನ್ನು ನಾದ ಬರುವಂತೆ ಬಡಿದು ಅವಳ ಕಿವಿಯ ಬಳಿ ಹಿಡಿದರು. ಕೇಳಿಸಲಿಲ್ಲ. ಕಿವಿಯ ಹಿಂದಿನ ಮೂಳೆಗೆ ಒತ್ತಿದರು.

"ಗುಂಯ್ ಅಂತದೆ ಸಾ!" ಎಂದಳು.

ಮೂಳೆಯಿಂದಲೂ ಸದ್ದು ಒಳಗೆ ಹೋಗುತ್ತದೆಂದು ಆ ಪುಣ್ಯಾತ್ಮ ಅವಳಿಗೆ ಸನ್ನೆ ಮಾಡಿ ತಿಳಿಸಿದ. ಯಾಕಾದರೂ ತಿಳಿಸಿದನೋ!

ವಾಪಸು ಬರುವಾಗ, ಶಾಂತಿಗ್ರಾಮ ದಾಟಿದ ಮೇಲೆ, ಅವ್ವ ಕೇಳಿದಳು: "ಅಂಗಾರೆ ಕೂಸ್ನ ನನ್ ಕೆನ್ನೆಗೆ ಒತ್ಕಂಡು ಮಲಗಿದ್ರೆ, ಅತ್ತಿದ್ದು ಕೇಳ್ತಿತ್ತೇನ್ಲಾ?"

"ಇಲ್ಲ ಕಣವ್ವಾ!" ಎಂದು ಕೂಗಿದೆ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳಿಗೆ ಕೇಳಿಸಲಿಲ್ಲ.