ಕೆಂಪು ದೀಪ ಬಿಚ್ಚುವ ಮರಿಸ್ವಾಮಿ

ಚಿನಕುರಳಿಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಮಂಜಿನಲ್ಲಿ ರಸ್ತೆ ಎಲ್ಲಿ ಮುಗಿದು ಕಬ್ಬಿನ ಗದ್ದೆ ಎಲ್ಲಿ ಶುರುವಾಗುತ್ತದೋ ಗೊತ್ತಾಗುವುದಿಲ್ಲ. ಮನೆಯೊಂದರ ಮುಂದೆ ನಿಂತ ಬಿಳಿ ಕಾರಿನ ಮೂತಿಯಲ್ಲಿ ಕೆಂಪು ದೀಪದ ಪಟ್ಟಿ ಉರಿಯುತ್ತಿದೆ. ಸುತ್ತಲಿನ ಮಂಜೆಲ್ಲ ಕೆಂಪಗಾಗಿದೆ. ಅದರೆದುರು ಗೋಣಿಚೀಲ ಹಾಸಿಕೊಂಡು ಕೂತ ಐವತ್ನಾಲ್ಕರ ಮರಿಸ್ವಾಮಿ, ಕೈಯಲ್ಲಿ ಸ್ಕ್ರೂಡ್ರೈವರ್ ಇದ್ದರೂ ಕೆಲಸ ಶುರು ಮಾಡದೆ ಸುಮ್ಮನೆ ನೋಡುತ್ತಿದ್ದಾರೆ.

"ಚೆನ್ನಾಗದೆ ಅಲ್ವಾ ಸಾರ್? ಅದೇ ಕಷ್ಟ ಆಗಿರಾದು" ಎನ್ನುತ್ತಾರೆ.

ಈ ದೀಪ ಹಾಕಿದವರು ಅವರೇ. ಇವತ್ತು ಬಿಚ್ಚಲು ಬಂದಿರುವವರೂ ಅವರೇ.

ನಾಗಮಂಗಲದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಮರಿಸ್ವಾಮಿಯವರದು ಹತ್ತಡಿ ಅಗಲದ ಅಂಗಡಿ. ಇಪ್ಪತ್ತಾರು ವರ್ಷದಿಂದ ಹಾರ್ನು, ಬ್ಯಾಟರಿ, ವೈರಿಂಗ್ ಕೆಲಸ. ಬಣ್ಣದ ಎಲ್‌ಇಡಿ ಪಟ್ಟಿಗಳು ಬಂದ ಮೇಲೆ ಅವರಿಗೆ ಅದರ ಹುಚ್ಚೇ ಹಿಡಿಯಿತು. ಕಾರಿನ ಹೊಟ್ಟೆಯಡಿ ನೀಲಿ ಪಟ್ಟಿ ಅಂಟಿಸಿದರೆ ಕಾರು ನೆಲ ಬಿಟ್ಟು ತೇಲಿದ ಹಾಗೆ ಕಾಣುತ್ತಿತ್ತಂತೆ. "ಅದು ತೇಲ್ಕಂಡು ಓಗಾದ ನೋಡಾಕೆ ನಾನೂ ಬೀದಿ ಕೊನೆಗಂಟ ಇಂದಿಂದೇ ಓಯ್ತಿದ್ದೆ" ಎಂದು ನಗುತ್ತಾರೆ.

ಹೊಸ ಕಾರು ಕೊಂಡವರು ಕರಿಘಟ್ಟದಲ್ಲಿ ಪೂಜೆ ಮುಗಿಸಿ ಸೀದಾ ಇವರ ಅಂಗಡಿಗೆ ಬರುತ್ತಿದ್ದರು. ಒಮ್ಮೆ ಗಿರಾಕಿಯೊಬ್ಬರು, ಬಾನೆಟ್ಟಿನ ಕುಂಕುಮ ನಾಲ್ಕು ದಿನಕ್ಕೆ ಅಳಿಸಿಹೋಗುತ್ತದೆ, ಅದರ ಬದಲು ಮೂತಿಗೆ ಕೆಂಪು ದೀಪ ಹಾಕಿಕೊಡಿ ಎಂದರು. ಮರಿಸ್ವಾಮಿ ಹಾಕಿದರು. ಶುಭವೆಂದು ಅದು ಬಾಯಿಂದ ಬಾಯಿಗೆ ಹಬ್ಬಿತು. ಒಟ್ಟು ಮೂವತ್ತೆಂಟು ಕಾರುಗಳಿಗೆ ಇವರ ಕೈಯಿಂದ ಕುಂಕುಮದ ದೀಪ ಬಿತ್ತು.

ಕಾನೂನು ಇದನ್ನು ಒಪ್ಪುವುದಿಲ್ಲ. ವಾಹನದ ಮುಂದಕ್ಕೆ ಕೆಂಪು ಬೆಳಕು ಬೀಳಬಾರದು. ರಿವರ್ಸ್, ಇಂಡಿಕೇಟರ್, ನಂಬರ್ ಪ್ಲೇಟಿನ ದೀಪ ಬಿಟ್ಟರೆ ಹಿಂದಕ್ಕೆ ಕೆಂಪಲ್ಲದ ಬೆಳಕೂ ಬೀಳಬಾರದು. ನಿಯಮ ಮರಿಸ್ವಾಮಿಯವರಿಗೆ ಗೊತ್ತಿತ್ತು. ಅದು ಯಾಕಿದೆ ಎಂಬುದು ಗೊತ್ತಾಗಿದ್ದು ಹೋದ ವರ್ಷದ ಧನುರ್ಮಾಸದಲ್ಲಿ.

ಬಿಂಡಿಗನವಿಲೆಯ ದ್ಯಾವಯ್ಯ ಅರುವತ್ತು ದಾಟಿದ ಕುರಿಗಾಹಿ. ಮಂಜಿನಲ್ಲಿ ರಸ್ತೆ ದಾಟಲು ಅವರದೊಂದು ಲೆಕ್ಕ: ಬಿಳಿ ಕಂಡರೆ ಗಾಡಿ ಬರುತ್ತಿದೆ, ಕೆಂಪು ಕಂಡರೆ ಹೋಗುತ್ತಿದೆ. ಆ ಬೆಳಿಗ್ಗೆ ಕೆಂಪು ಕಂಡು ಕುರಿಗಳನ್ನು ರಸ್ತೆಗೆ ಬಿಟ್ಟರು. ಕಾರು ಹೆಡ್‌ಲೈಟ್ ಆರಿಸಿಕೊಂಡು, ಮರಿಸ್ವಾಮಿ ಹಾಕಿಕೊಟ್ಟಿದ್ದ ಮೂತಿಯ ಪಟ್ಟಿಯನ್ನಷ್ಟೇ ಬೆಳಗಿಸಿಕೊಂಡು ಎದುರಿನಿಂದ ಬರುತ್ತಿತ್ತು. ಏಳು ಕುರಿ ಸತ್ತವು. ದ್ಯಾವಯ್ಯನವರ ಬಲಗಾಲು ಮೊದಲಿನಂತಾಗಲೇ ಇಲ್ಲ. ಆವತ್ತಿನಿಂದ ಅವರು ರಸ್ತೆ ದಾಟಿಲ್ಲ.

"ಆಸ್ಪತ್ರೇಲಿ ಅವ್ರು ನನ್ನ ಬೈಲಿಲ್ಲ. 'ಕೆಂಪು ಕಾಣ್ತು ಕಣಪ್ಪ, ಓಯ್ತಾ ಅದೆ ಅನ್ಕಂಡೆ' ಅಂದ್ರು ಅಷ್ಟೆ. ಬೈದಿದ್ರೆ ಚೆನ್ನಾಗಿರದು" ಎನ್ನುವಾಗ ಮರಿಸ್ವಾಮಿ ನೆಲ ನೋಡುತ್ತಾರೆ. ತಾನು ಹಾಕಿದ ಕೆಂಪನ್ನೆಲ್ಲ ಕಿತ್ತು ಬರುತ್ತೇನೆ ಎಂದು ಅಲ್ಲೇ ಮಾತು ಕೊಟ್ಟರು. ಅಂದಿನಿಂದ ಪ್ರತಿ ಮಂಗಳವಾರ ನಸುಕಿಗೇ ಮೊಪೆಡ್ ಹತ್ತಿ ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣದ ಊರೂರು ತಿರುಗಿದ್ದಾರೆ. ಮೂವತ್ತೇಳು ಕಿತ್ತಾಗಿದೆ. ಉಳಿದಿರುವುದು ಇದೊಂದೇ.

ಕಾರಿನ ಮಾಲೀಕ ಲೋಕೇಶ್ ಬಾಡಿಗೆಗೆ ಓಡಿಸುವವರು. ಎರಡು ಸಲ ಇವರನ್ನು ಬರಿಗೈಯಲ್ಲಿ ಕಳಿಸಿದ್ದಾರೆ. ಇವತ್ತೂ ಬಾಗಿಲಿಗೆ ಒರಗಿ ನಿಂತು, "ಬೇರೇವ್ರದೆಲ್ಲ ಕಿತ್ಕೊ ಅಣ್ಣ, ನಂದ ಬುಟ್ಬುಡು. ನಮ್ಮವ್ವ ಆಸೆಪಟ್ಟು ಆಕ್ಸಿರದು" ಎನ್ನುತ್ತಾರೆ. ಮರಿಸ್ವಾಮಿ ಎದುರಾಡುವುದಿಲ್ಲ. ಏಳುವುದೂ ಇಲ್ಲ.

ಅಂಗಳಕ್ಕೆ ನೀರು ಹಾಕಲು ಬಂದ ಲೋಕೇಶರ ತಾಯಿ ಪುಟ್ಟತಾಯಮ್ಮ, ಏನು ವಿಷಯ ಎಂದು ಕೇಳುತ್ತಾರೆ. ಮಗ ಅವರಿಗೆ ಏನೂ ಹೇಳಿರಲಿಲ್ಲ. ಮರಿಸ್ವಾಮಿ ಹೇಳುತ್ತಾರೆ. ಅಜ್ಜಿ ಬಿಂದಿಗೆ ಕೆಳಗಿಡುತ್ತಾರೆ.

"ಕುರಿ ಕಾಯೋನ್ ಕಾಲಾ?"

"ಊಂ ಕಣವ್ವ."

"ಕುಂಕುಮ ಇಕ್ಕೋದು ಒಳ್ಳೇದಾಗ್ಲಿ ಅಂತ ಕಣ್ಲಾ ಲೋಕೇಶ. ಕಿತ್ಸು ಅದ."

ಬಿಚ್ಚಲು ಎಂಟು ನಿಮಿಷ ಸಾಕಾಗುತ್ತದೆ. ತುಂಡಾದ ವೈರಿನ ತುದಿಗೆ ಟೇಪು ಸುತ್ತಿ, ಮೂತಿ ಒರೆಸಿ ಮರಿಸ್ವಾಮಿ ಎದ್ದು ನಿಲ್ಲುತ್ತಾರೆ. ದ್ಯಾವಯ್ಯನವರಿಗೆ ತಿಳಿಸಲು ಬಿಂಡಿಗನವಿಲೆಗೆ ನನ್ನ ಕಾರಿನಲ್ಲೇ ಹೋಗೋಣವೆಂದರೆ, ಹತ್ತುವ ಮುಂಚೆ ಕಾರನ್ನು ಒಂದು ಸುತ್ತು ಹಾಕಿ, ಹಿಂದಿನ ನಂಬರ್ ಪ್ಲೇಟಿಗೆ ನಾನು ಶೋಕಿಗೆ ಹಾಕಿಸಿದ್ದ ನೀಲಿ ದೀಪವನ್ನು ಕಿತ್ತು ನನ್ನ ಕೈಗಿಡುತ್ತಾರೆ. ಪತ್ರಕರ್ತನೆಂಬ ರಿಯಾಯಿತಿ ಇಲ್ಲ. ನಾಚಿಕೆಯಾಗಿ ನಾನು ತೆಪ್ಪಗೆ ಗಾಡಿ ತಿರುಗಿಸುತ್ತೇನೆ.

ದಾರಿಯುದ್ದಕ್ಕೂ ಮಂಜು ಕರಗುತ್ತಾ ಬರುತ್ತದೆ. ಬಣ್ಣದ ದೀಪ ಕೇಳಿ ಬರುವವರು ಈಗ ಬೇರೆ ಅಂಗಡಿಗೆ ಹೋಗುತ್ತಾರೆ, ಅದರ ಬಗ್ಗೆ ಬೇಸರವಿಲ್ಲವೇ ಎಂದರೆ, "ದ್ಯಾವಣ್ಣ ಒಂದ್ಸಲ ರಸ್ತೆ ದಾಟ್ಬುಟ್ರೆ ಸಾಕು" ಎಂದಷ್ಟೇ ಮರಿಸ್ವಾಮಿ ಹೇಳುತ್ತಾರೆ.

ದ್ಯಾವಯ್ಯ ರಸ್ತೆಯ ಈಚೆ ಬದಿಯ ಕಲ್ಲಿನ ಮೇಲೆ ಕೂತಿದ್ದಾರೆ. ಬಳಿಯಲ್ಲಿ ನಾಲ್ಕು ಕುರಿ. ಇತ್ತ ಮೇವು ಮುಗಿದಿದೆ. ಹಸಿರೆಲ್ಲ ಆಚೆ ಬದಿಗಿದೆ.

"ಎಲ್ಲಾ ಕಿತ್ತಾಯ್ತು ಕಣಣ್ಣ. ನಾನಾಕಿದ್ದು ಒಂದೂ ಉಳ್ದಿಲ್ಲ."

ದ್ಯಾವಯ್ಯ ರಸ್ತೆಯ ಕಡೆಗೇ ನೋಡುತ್ತಿದ್ದಾರೆ. "ಬೇರೇವ್ರು ಆಕಿರವು?"

"ಅವು ಓಡಾಡ್ತಾವೆ ಕಣಣ್ಣ. ಅದ್ಕೆ ನಾನು ಮಾತ್ ಕೊಡಾಕಾಗಲ್ಲ."

"ಸುಳ್ಳೇಳ್ನಿಲ್ಲ ನೀನು" ಎನ್ನುತ್ತಾ ದ್ಯಾವಯ್ಯ ಕೋಲೂರಿ ಏಳುತ್ತಾರೆ. "ಕೈ ಕೊಡು ಮತ್ತೆ."

ಎದುರಿನಿಂದ ಬರುತ್ತಿದ್ದ ನಾಗಮಂಗಲದ ಬಸ್ಸು ಹಾದುಹೋಗುವವರೆಗೆ ಇಬ್ಬರೂ ಕೈ ಹಿಡಿದುಕೊಂಡೇ ನಿಲ್ಲುತ್ತಾರೆ. ಆಮೇಲೆ ದಾಟುತ್ತಾರೆ, ಹಿಂದೆ ನಾಲ್ಕು ಕುರಿ.