ಅಳಿಯದೇವರ ಎರಡು ಸ್ಟ್ರೈಕರ್

ಪೂಲ್ ಆಡುವ ಹುಡುಗರು ಈಗ ಮೊದಲ ಹೊಡೆತಕ್ಕೆಂದೇ ಬೇರೆ ಕೋಲು ಇಟ್ಟುಕೊಂಡಿರುತ್ತಾರಂತೆ. ಹಿಂದಿನವರೂ ಹೀಗೆ ಮಾಡುತ್ತಿದ್ದರಾ ಎಂದು ಅಣ್ಣನ ಮಗ ಮೊನ್ನೆ ಕೇಳಿದ. ಪೂಲಿನ ಸಂಗತಿ ನನಗೆ ಗೊತ್ತಿಲ್ಲ. ಆದರೆ ಎಪ್ಪತ್ತರ ದಶಕದ ನಮ್ಮ ರಾಜಾಜಿನಗರದಲ್ಲಿ, ಕೇರಂ ಬೋರ್ಡಿನ ಮುಂದೆ ಅಂಥ ಒಬ್ಬನನ್ನು ಕಂಡಿದ್ದೇನೆ. ಈ ಜನ್ಮಕ್ಕೆ ಅವನೊಬ್ಬನೇ ಸಾಕು.

ಆಗ ನಾವಿದ್ದದ್ದು ರುದ್ರಪ್ಪನವರ ವಠಾರದಲ್ಲಿ. ಬೇಸಿಗೆ ರಜ ಬಂದರೆ ಮಹಡಿಯ ಮೇಲೆ ಹಪ್ಪಳ ಒಣಗುತ್ತಿತ್ತು, ಕೆಳಗೆ ಓನರ್ ವರಾಂಡದಲ್ಲಿ ಅವರದೇ ಕೇರಂ ಬೋರ್ಡು ಹಾಕುತ್ತಿದ್ದರು. ಬೋರಿಕ್ ಪೌಡರ್, ಮಾವಿನಹಣ್ಣು, ಬೆವರು ಎಲ್ಲ ಬೆರೆತ ಆ ವಾಸನೆ ಇನ್ನೂ ಮೂಗಿನಲ್ಲಿದೆ. ಇಡೀ ವಠಾರಕ್ಕೆ ಇದ್ದದ್ದು ಅಂಚು ಮುಕ್ಕಾದ ಒಂದೇ ಸ್ಟ್ರೈಕರ್. ಬ್ರೇಕ್ ಮಾಡಿ ಕಾಯಿ ಚದುರಿಸುವುದಕ್ಕೂ ಅದೇ, ರೆಡ್ ಹಾಕುವುದಕ್ಕೂ ಅದೇ. ಸೋತವರು ಅದನ್ನು ದೂರುವಂತಿರಲಿಲ್ಲ. ಗೆದ್ದವರೂ ಅದರಲ್ಲೇ ಗೆದ್ದಿರುತ್ತಿದ್ದರು.

ಗೆಲ್ಲುತ್ತಿದ್ದವಳು ನನ್ನ ಅಕ್ಕ ಗಿರಿಜೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಅವಳನ್ನು ಮನೆಯಲ್ಲೇ ಕೂರಿಸಿದ್ದರು. ಸಿನಿಮಾ ಇಲ್ಲ, ಗೆಳತಿಯರ ಮನೆ ಇಲ್ಲ. ಓನರಮ್ಮನ ಕಣ್ಣೆದುರೇ ನಡೆಯುತ್ತದಲ್ಲ ಎಂದು ಅಮ್ಮ ಕೇರಂಗೆ ಮಾತ್ರ ಬಿಡುತ್ತಿದ್ದಳು. ಅವಳಿಗೆ ಉಳಿದಿದ್ದದ್ದು ಆ ಬೋರ್ಡೊಂದೇ.

ಒಂದು ಬೇಸಿಗೆಯಲ್ಲಿ ರುದ್ರಪ್ಪನವರ ಹೊಸ ಅಳಿಯ ಬಂದ. ಬೆಲ್‌ಬಾಟಂ, ಇಸ್ತ್ರಿ ಕೆಡದ ಷರಟು, ಬ್ಯಾಂಕಿನಲ್ಲಿ ಅದೇನೋ ದೊಡ್ಡ ಕೆಲಸವಂತೆ. ಜೇಬಿನಿಂದ ಮಖಮಲ್ಲಿನ ಚೀಲ ತೆಗೆದು, ಒಡವೆ ತೋರಿಸುವವನಂತೆ ಎರಡು ಸ್ಟ್ರೈಕರ್ ಹೊರಗಿಟ್ಟ.

"ದಪ್ಪದ್ದು ಬ್ರೇಕ್‌ಗೆ, ಇನ್ನೊಂದು ಆಟಕ್ಕೆ. ಆಟ ಗೊತ್ತಿರೋರು ಹೀಗೇ ಇಟ್ಕೊಳ್ಳೋದು."

ಹೊಸ ಅಳಿಯ ಮಾವನ ಮನೆಯಲ್ಲಿ ಸೋಲಬಾರದೆಂದು ವಠಾರಕ್ಕೆ ವಠಾರವೇ ತೀರ್ಮಾನಿಸಿತ್ತು. ಎಂದೂ ಗುರಿ ತಪ್ಪದ ಪಕ್ಕದ ಮನೆಯ ಶಾಮಣ್ಣನಂಥವರೂ ಪಾಕೆಟ್ಟಿನ ಬಾಯಲ್ಲಿದ್ದ ಕಾಯಿ ತಪ್ಪಿಸಿ "ಛೇ" ಎಂದು ತಲೆ ಚಚ್ಚಿಕೊಂಡರು. ಅಳಿಯದೇವರು ಅದನ್ನೆಲ್ಲ ನಿಜವೆಂದೇ ನಂಬಿದ. ದಪ್ಪ ಸ್ಟ್ರೈಕರಿನಿಂದ ಧಡ್ ಎಂದು ಹೊಡೆದು, ಯಾರು ಯಾರು ನೋಡಿದರೆಂದು ಸುತ್ತ ಕಣ್ಣಾಡಿಸುತ್ತಿದ್ದ. ಅಷ್ಟು ಓದಿದ ಮನುಷ್ಯನಿಗೆ ಅಷ್ಟೂ ತಿಳಿಯಬಾರದೇ!

ಅಕ್ಕನ ಸರದಿ ಬಂದಾಗ ಅಮ್ಮ ಕಿವಿಯಲ್ಲಿ ಹೇಳಿದಳು: "ಸೋತು ಎದ್ದು ಬಾರೇ. ಅವರಿಗೆ ಮುನಿಸು ಬಂದ್ರೆ ಬೋರ್ಡು ಒಳಗೆ ಹೋಗುತ್ತೆ ಕಣೇ."

ಅಕ್ಕ ಹೋಗಿ ಕೂತಳು. "ಭಾವ, ಒಂದ್ಸಲ ನಮ್ಮ ಸ್ಟ್ರೈಕರಲ್ಲೇ ಬ್ರೇಕ್ ಮಾಡಿ," ಎಂದಳು.

ಎಲ್ಲರೂ ನೋಡುತ್ತಿದ್ದರು, ಒಲ್ಲೆನೆನ್ನಲು ಅವನಿಗೆ ಆಗಲಿಲ್ಲ. ಮೊದಲ ಹೊಡೆತ ಕಾಯಿಗಳ ಪಕ್ಕದಿಂದ ಜಾರಿ ಹೋಯಿತು. ಇನ್ನೊಂದು ಸಲವೂ ಹಾಗೇ. ಮತ್ತೂ ಒಂದು ಅವಕಾಶ ಕೊಟ್ಟರೂ ಒಂದು ಕಾಯಿಯೂ ಅಲ್ಲಾಡಲಿಲ್ಲ. ಸ್ಟ್ರೈಕರ್ ಅಕ್ಕನ ಕೈಗೆ ಬಂತು. ಅವನ ಒಂದು ಕಾಯಿಯೂ ಬೀಳುವ ಮುಂಚೆ ರೆಡ್ ಸಮೇತ ಬೋರ್ಡು ಮುಗಿಸಿದಳು.

"ಮುಕ್ಕು ಸ್ಟ್ರೈಕರ್ ಕೊಟ್ಟು ಮೋಸ ಮಾಡಿದ್ರಿ!"

"ನಾನು ಆಡಿದ್ದೂ ಅದರಲ್ಲೇ, ಭಾವ."

ಗಂಡಸು ಮುಖ ಊದಿಸಿಕೊಂಡು ಒಳಗೆ ಹೋದ. ಹೋಳಿಗೆ ಬೇಡವೆಂದನಂತೆ. ಮರುದಿನ ರುದ್ರಪ್ಪನವರು ನಮ್ಮ ಮುಖ ನೋಡದೆ ಬೋರ್ಡು ಎತ್ತಿಕೊಂಡು ಹೋಗಿ ಅಟ್ಟಕ್ಕೆ ಹಾಕಿದರು. ಅಳಿಯ ತನ್ನ ಊರಿಗೆ ಹೋದ ಮೇಲೂ ಅದು ಇಳಿಯಲಿಲ್ಲ. ಅಷ್ಟರಲ್ಲಿ ಅಕ್ಕನಿಗೂ ಮದುವೆ ಗೊತ್ತಾಯಿತು.

ಆ ವಠಾರ ಕೆಡವಿದ್ದಾರೆ. ಅದಕ್ಕೆ ನನಗೇನೂ ಸಂಕಟವಿಲ್ಲ. ನನ್ನ ಹೊಟ್ಟೆ ಉರಿಯುವುದು ಅಕ್ಕನ ಕೈಯ ಆಟ ಆ ಸಣ್ಣ ಮನುಷ್ಯನ ಮುನಿಸಿಗೆ ಬಲಿಯಾಯಿತಲ್ಲ ಎಂದು. ಎಷ್ಟೋ ವರ್ಷಗಳ ಮೇಲೆ ಅವಳ ಮನೆಗೆ ಕೇರಂ ಬೋರ್ಡು ಬಂತು. ನಾನು ಅಲ್ಲೇ ಇದ್ದೆ. ಅವಳ ಮಗ ಬ್ರೇಕ್ ಮಾಡಿದ್ದನ್ನು ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು.

"ಅಮ್ಮಾ, ನಿಂಗೆ ಆಡೋಕೆ ಬರುತ್ತಾ?"

"ನಂಗೆಲ್ಲಿ ಬರುತ್ತಪ್ಪ," ಎಂದು ಒಳಗೆ ಹೋದಳು.