ಖುದ್ದಾಗಿ ಹೊರಟಿದ್ದೀರಾ?

‘ಬಳಕೆದಾರ’ ಎಂಬ ಜೀವಿಯ ಬಗ್ಗೆ ಎಷ್ಟೋ ವರದಿ ಬರೆದಿದ್ದೇನೆ, ಕಣ್ಣಾರೆ ಕಂಡಿರಲಿಲ್ಲ. ನಮ್ಮ ಕಡೆಯ ಬಸ್ಸುಗಳ ವೇಳೆ ತಿಳಿಸುವ ಜಾಲತಾಣವೊಂದನ್ನು ಬಳಕೆದಾರರನ್ನು ಕೇಳಿಯೇ ಹೊಸದಾಗಿ ರೂಪಿಸುತ್ತೇವೆ ಎಂದು ಅಶ್ವಿನಿ ಎಂಬ ವಿನ್ಯಾಸಕಿ ಪತ್ರಿಕಾ ಕಚೇರಿಗೆ ಬಂದಾಗ, ಹೊಸಮನೆಯ ನಮ್ಮ ನಾಗರತ್ನ ದೊಡ್ಡಮ್ಮನನ್ನು ಒದಗಿಸಿದೆ.

ದೊಡ್ಡಮ್ಮನಿಗೆ ಭದ್ರಾವತಿಗೆ ಹೋಗುವುದಿತ್ತು. ಓಲ್ಡ್ ಟೌನಿನಲ್ಲಿರುವ ತಂಗಿ ಸರೋಜ ಚಿಕ್ಕಮ್ಮನಿಗೆ ಮಂಡಿನೋವು. ಆದರೆ ಸೀಮಂತದ ಊಟವೊಂದರಲ್ಲಿ ಗೊಜ್ಜಿನ ಹುಳಿ ಕುರಿತು ಭಿನ್ನಾಭಿಪ್ರಾಯ ಬಂದಂದಿನಿಂದ ಅಕ್ಕತಂಗಿಯರಿಗೆ ಮಾತಿಲ್ಲ. ಮೊದಲು ಅವಳೇ ಫೋನ್ ಮಾಡಲಿ ಎಂಬುದು ಎರಡೂ ಊರುಗಳ ಅಧಿಕೃತ ನಿಲುವು.

“ನೋಡಕ್ಕೆ ಹೋಗೋದು ಬೇರೆ, ಫೋನ್ ಮಾಡೋದು ಬೇರೆ,” ಎಂದರು ದೊಡ್ಡಮ್ಮ.

ಹೊರಟಾಗ, ತಲುಪಿದಾಗ ಯಾರಿಗೆ ತಿಳಿಸಬೇಕು ಎಂದು ಜಾಲತಾಣ ಕೇಳಿತು. ದೊಡ್ಡಮ್ಮ ತಂಗಿಯ ನಂಬರ್ ಕೊಟ್ಟರು. “ಅದು ಹೇಳಿದ್ರೆ ಹೇಳ್ಲಿ ಮಾರಾಯ್ತಿ. ನಾನು ಹೇಳಿದ ಹಾಗಾಗಲ್ಲ.”

ಅಂದು ಬುಧವಾರ. ಊಟ ಮುಗಿಸಿ ಹೊರಡುವ ಹೊತ್ತಿಗೆ ರಾಹುಕಾಲ. ಅದಕ್ಕೆ ನಮ್ಮಲ್ಲಿ ಪರಿಹಾರವಿದೆ: ಒಳ್ಳೆಯ ವೇಳೆಯಲ್ಲೇ ಬ್ಯಾಗನ್ನು ಪಕ್ಕದ ಮನೆಯಲ್ಲಿಟ್ಟು ಬಂದರೆ ಪ್ರಯಾಣ ಶುರುವಾದಂತೆ. ಆಮೇಲೆ ಮನುಷ್ಯರು ಯಾವಾಗ ಹೋದರೂ ಬಾಧಕವಿಲ್ಲ. ದೊಡ್ಡಮ್ಮ ಬೆಳಿಗ್ಗೆಯೇ ಬ್ಯಾಗ್ ಇಟ್ಟು ಬಂದು, ಪ್ರಾಮಾಣಿಕವಾಗಿ ‘ಹೊರಟೆ’ ಎಂಬ ಬಟನ್ ಒತ್ತಿ, ಹುರುಳಿಕಾಯಿ ಹೆಚ್ಚಲು ಕುಳಿತರು.

ಬಳಕೆದಾರರಿಗೆ ಹೇಳಿಕೊಡಬಾರದು ಎಂಬುದು ಅಶ್ವಿನಿಯ ಕಸುಬಿನ ನಿಯಮ. ನಡೆಯುವುದರ ನಡುವೆ ಕೈ ಹಾಕಬಾರದು ಎಂಬುದು ನನ್ನದು. ಇಬ್ಬರೂ ನೋಡುತ್ತ ಕುಳಿತೆವು. ಜಾಲತಾಣ ದೊಡ್ಡಮ್ಮನನ್ನು ಮುಂದಿನ ಬಸ್ಸಿಗೆ ಹತ್ತಿಸಿತು, ವೇಳಾಪಟ್ಟಿಯ ಪ್ರಕಾರ ಭದ್ರಾವತಿಯಲ್ಲಿ ಇಳಿಸಿತು, ಪ್ರಯಾಣ ಹೇಗಿತ್ತು ಎಂದು ವಿಚಾರಿಸಿತು. ದೊಡ್ಡಮ್ಮ ಒಗ್ಗರಣೆ ಸೌಟು ಕೆಳಗಿಟ್ಟು ಐದು ನಕ್ಷತ್ರ ಕೊಟ್ಟರು. “ಕುಲುಕಾಟವೇ ಇರ್ಲಿಲ್ಲ.”

ಅವರು ಎಲೆಯ ಮುಂದೆ ಕುಳಿತಾಗ ಫೋನ್ ಬಂತು. ಚಿಕ್ಕಮ್ಮ. ಸ್ಪೀಕರ್ ಹಾಕದಿದ್ದರೂ ಅವರ ದನಿ ನಮಗೆಲ್ಲ ಕೇಳುತ್ತಿತ್ತು.

“ಎಲ್ಲಿದ್ದೀಯೇ ಅಕ್ಕ? ಹೊರಟಿದ್ದಾರೆ ಅಂತ ಮೆಸೇಜ್ ಬಂತು, ತಲುಪಿದ್ದಾರೆ ಅಂತ್ಲೂ ಬಂತು. ಈ ಮಂಡಿ ಹೊತ್ಕೊಂಡು ಬಸ್‌ಸ್ಟ್ಯಾಂಡಲ್ಲಿ ನಿಂತಿದೀನಿ. ಎಲ್ಲ ಬಸ್ಸೂ ಇಣುಕಿ ನೋಡಾಯ್ತು.”

“ಊಟ ಮಾಡ್ತಿದೀನಿ.”

“ಎಲ್ಲಿ?”

“ಮನೇಲಿ.”

“ಮತ್ತೆ ಹೊರಟಿದ್ದಾರೆ ಅಂತ ಯಾಕೆ ಬಂತು?”

“ಹೊರಟಾಗಿದೆ ಕಣೆ. ಬ್ಯಾಗ್ ಪಕ್ಕದ್ಮನೇಲಿದೆ.”

“ಹಂಗನ್ನು. ಇವತ್ತು ಬುಧವಾರ ಅಲ್ವಾ,” ಎಂದರು ಚಿಕ್ಕಮ್ಮ, ತಟ್ಟನೆ ತಣ್ಣಗಾಗಿ. “ನಿಧಾನ ಉಂಡು ಬಾ. ಗೊಜ್ಜು ಮಾಡಿದೀನಿ. ಹುಳಿ ನೀನೇ ನೋಡು.”

ದೊಡ್ಡಮ್ಮ ಫೋನ್ ಇಟ್ಟು ನನ್ನ ಕಡೆ ತಿರುಗಿದರು. “ಮೊದ್ಲು ಮಾಡಿದ್ದು ಅವಳು. ಪೇಪರಲ್ಲಿ ಸರಿಯಾಗಿ ಬರಿ.” ಆಮೇಲೆ ಅನ್ನವನ್ನು ಅರ್ಧಕ್ಕೇ ಬಿಟ್ಟು ಎದ್ದರು. ಊಟವಿಲ್ಲದೆ ಹೊರಡದ ದೊಡ್ಡಮ್ಮ ಹಾಗೆ ಎದ್ದದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಈ ಪರೀಕ್ಷೆ ಪಾಸೋ ಫೇಲೋ ಎಂದು ಅಶ್ವಿನಿ ನನ್ನನ್ನು ಕೇಳಿದರು. ಬಳಕೆದಾರರು ತಲುಪಿಲ್ಲ, ಪ್ರಯಾಣ ಮುಗಿದಿದೆ ಎಂದೆ. ಅದನ್ನು ಅವರು ಹೇಗೆ ದಾಖಲಿಸಿದರೋ ತಿಳಿಯದು. ಈಗ ಆ ಜಾಲತಾಣದಲ್ಲಿ ‘ಹೊರಟೆ’ ಎಂದು ಒತ್ತಿದರೆ ‘ಖುದ್ದಾಗಿ ಹೊರಟಿದ್ದೀರಾ?’ ಎಂದು ಇನ್ನೊಮ್ಮೆ ಕೇಳುತ್ತದೆ.

ಕಚೇರಿಗೆ ಹೊರಡುವಾಗ ನಾನೂ ಅದನ್ನು ಒತ್ತುತ್ತೇನೆ. ಉತ್ತರಿಸುವ ಮೊದಲು ಸ್ವಲ್ಪ ತಡೆಯುತ್ತೇನೆ. ಎಷ್ಟೋ ಬೆಳಿಗ್ಗೆ ನನ್ನದೂ ಬ್ಯಾಗ್ ಮಾತ್ರ ಹೊರಟಿರುತ್ತದೆ.